ಮೂವತ್ತು ಅಡಿಯ ಗೆರೆ

1972ರ ನವೆಂಬರ್ 7ರಂದು ಅಮೆರಿಕದ ಮತದಾರರು ರಿಚರ್ಡ್ ನಿಕ್ಸನ್ ಅವರನ್ನು ಎರಡನೆಯ ಸಲ ಅಧ್ಯಕ್ಷರನ್ನಾಗಿ ಆರಿಸಿದರು. ಅದೇ ದಿನ ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯಲ್ಲಿರುವ ಸ್ಯಾನ್ ಡಿಯೇಗೊ ನಗರದ ಮತದಾರರ ಮುಂದೆ ಇನ್ನೊಂದು ಪ್ರಶ್ನೆಯೂ ಇತ್ತು. ಪ್ರಸ್ತಾವ 'ಡಿ' ಎಂದು ಅದರ ಹೆಸರು. ಕಡಲಿಗೆ ಹತ್ತಿರದ ಬಡಾವಣೆಗಳಲ್ಲಿ ಇನ್ನು ಮುಂದೆ ಯಾವ ಕಟ್ಟಡವೂ 30 ಅಡಿಗಿಂತ ಎತ್ತರಕ್ಕೆ ಹೋಗಬಾರದು, ಒಪ್ಪಿಗೆಯೇ ಅಲ್ಲವೇ? ನೂರಕ್ಕೆ ಸುಮಾರು 63 ಮಂದಿ ಒಪ್ಪಿದರು.

30 ಅಡಿ ಎಂದರೆ ಒಂಬತ್ತು ಮೀಟರಿಗಿಂತ ತುಸು ಹೆಚ್ಚು. ನೆಲಮಾಳಿಗೆ ಬಿಟ್ಟರೆ ಎರಡು ಅಂತಸ್ತು, ಒತ್ತಿ ಕಟ್ಟಿದರೆ ಮೂರು. ಚೆನ್ನಾಗಿ ಬೆಳೆದ ತೆಂಗಿನ ಮರ ಅದಕ್ಕಿಂತ ಎತ್ತರ ಇರುತ್ತದೆ. ಐವತ್ತು ವರ್ಷ ಕಳೆದ ಮೇಲೂ ಆ ನಿಯಮ ಬಹುಪಾಲು ಹಾಗೆಯೇ ಉಳಿದಿದೆ. ಹದಿಮೂರು ಲಕ್ಷಕ್ಕೂ ಹೆಚ್ಚು ಜನರಿರುವ, ಶಾಂತಸಾಗರದ ದಡದ ಅತಿ ಬೆಲೆಬಾಳುವ ನೆಲ ಇರುವ ನಗರವೊಂದರಲ್ಲಿ ಇಂಥ ನಿಯಮ ಇಷ್ಟು ಕಾಲ ಬಾಳಿದ್ದು ಸಣ್ಣ ಸಂಗತಿಯಲ್ಲ. ಅದು ಏನನ್ನು ಉಳಿಸಿತು ಎಂಬುದು ದಡದಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ. ಯಾರನ್ನು ಹೊರಗೆ ಬಿಟ್ಟಿತು ಎಂಬುದು ಅಷ್ಟು ಬೇಗ ಕಾಣುವುದಿಲ್ಲ.

ಗೋಡೆಯ ಭಯ

ಸ್ಯಾನ್ ಡಿಯೇಗೊ ನೌಕಾಪಡೆಯ ಊರು. 1940ರಲ್ಲಿ ಅದರ ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ಯುದ್ಧಕಾಲದಲ್ಲಿ ವಿಮಾನ ಕಾರ್ಖಾನೆಗಳು, ನೌಕಾನೆಲೆಗಳು ಬೆಳೆದವು. ಕೆಲಸಕ್ಕೆಂದು ಬಂದವರು ಅಲ್ಲೇ ನೆಲೆಸಿದರು. 1970ರ ಹೊತ್ತಿಗೆ ಜನಸಂಖ್ಯೆ ಏಳು ಲಕ್ಷದ ಹತ್ತಿರ ಬಂದಿತ್ತು. ನಗರದ ಪಶ್ಚಿಮಕ್ಕೆ ಕಡಲ ಉದ್ದಕ್ಕೂ ಸಾಲಾಗಿ ಬಡಾವಣೆಗಳಿವೆ: ಉತ್ತರದಲ್ಲಿ ಲಾ ಹೋಯಾ, ಆಮೇಲೆ ಪೆಸಿಫಿಕ್ ಬೀಚ್, ಮಿಷನ್ ಬೀಚ್, ಓಶನ್ ಬೀಚ್. ಇವುಗಳಲ್ಲಿ ಲಾ ಹೋಯಾ ಮೊದಲಿನಿಂದಲೂ ಸಿರಿವಂತರದು. ಉಳಿದ ಕಡೆ ಬೇಸಿಗೆಯಲ್ಲಿ ಬಾಡಿಗೆಗೆ ಕೊಡುವ ಸಣ್ಣ ಮರದ ಮನೆಗಳು, ನೌಕಾಪಡೆಯವರ ಸಂಸಾರಗಳು, ವಿದ್ಯಾರ್ಥಿಗಳು, ಅಲೆಯ ಮೇಲೆ ಹಲಗೆ ಹಿಡಿದು ಆಡುವ ಹುಡುಗರು. ಮಿಷನ್ ಬೀಚಿನ ರೋಲರ್ ಕೋಸ್ಟರ್ 1925ರಿಂದಲೂ ಅಲ್ಲಿದೆ. ಬಹುಕಾಲ ಆ ದಡದ ಅತಿ ಎತ್ತರದ ವಸ್ತುಗಳಲ್ಲಿ ಅದೂ ಒಂದು.

1960ರ ದಶಕದಲ್ಲಿ ಲೆಕ್ಕಾಚಾರ ಬದಲಾಯಿತು. ಒಂದೇ ಕಟ್ಟಡದ ಒಂದೊಂದು ಮನೆಯನ್ನು ಬೇರೆ ಬೇರೆಯವರಿಗೆ ಮಾರುವ ಕಾಂಡೊಮಿನಿಯಮ್ ಪದ್ಧತಿ ಆ ಹೊತ್ತಿಗೆ ಅಮೆರಿಕದಲ್ಲಿ ಕಾನೂನಿನ ಬಲ ಪಡೆದು ಹರಡತೊಡಗಿತ್ತು. ಮುಂಬಯಿಯ ಫ್ಲ್ಯಾಟ್ ವ್ಯವಹಾರ ನೋಡಿದವರಿಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯವರೆಗೆ ಒಂದು ಸೈಟು ಎಂದರೆ ಒಂದು ಮನೆ, ಒಬ್ಬ ಕೊಳ್ಳುವವನು. ಈಗ ಅದೇ ಸೈಟಿನ ಮೇಲೆ ಎಷ್ಟು ಅಂತಸ್ತು ಏರಿಸಬಹುದೋ ಅಷ್ಟು ಜನಕ್ಕೆ ಕಡಲ ನೋಟವನ್ನು ಮಾರಬಹುದು. ನೆಲದ ಬೆಲೆ ಅದರ ಮೇಲೆ ಈಗ ಇರುವ ಮನೆಯನ್ನು ನೋಡಿ ನಿಲ್ಲುವುದಿಲ್ಲ, ಮುಂದೆ ಕಟ್ಟಬಹುದಾದ ಕಟ್ಟಡವನ್ನು ನೋಡಿ ಏರುತ್ತದೆ. ಹಾಗಾಗಿ ಮೊದಲ ಗೋಪುರ ಎದ್ದ ಮೇಲೆ ಪಕ್ಕದ ಸಣ್ಣ ಮನೆಯನ್ನು ಉಳಿಸಿಕೊಳ್ಳುವುದೇ ನಷ್ಟದ ಮಾತಾಗುತ್ತದೆ.

ಲಾ ಹೋಯಾದ ದಡದಲ್ಲಿ ಆ ದಶಕದಲ್ಲೇ ಗೋಪುರಗಳು ಎದ್ದವು. ಪೆಸಿಫಿಕ್ ಬೀಚಿನಲ್ಲೂ ಮರಳಿಗೆ ತಾಗಿದಂತೆ ಬಹುಮಹಡಿಗಳಿಗೆ ಕೆಲಸ ಶುರುವಾಯಿತು. ಮುಂದೆ ಏನಾಗಬಹುದು ಎಂದು ಊಹಿಸಲು ಸ್ಥಳೀಯರಿಗೆ ಕಷ್ಟವಿರಲಿಲ್ಲ. ಫ್ಲಾರಿಡಾದ ಮಯಾಮಿ ಬೀಚ್, ಹವಾಯಿಯ ವೈಕೀಕೀ ಎರಡೂ ಕಣ್ಣ ಮುಂದಿದ್ದವು. ಎರಡು ಕಡೆಯೂ ದಡಗುಂಟ ಹೋಟೆಲುಗಳ ಸಾಲು ಗೋಡೆಯಂತೆ ನಿಂತು, ಹಿಂದಿನ ಬೀದಿಯವರಿಗೆ ಕಡಲು ಇದೆ ಎಂಬುದೇ ಮರೆಯುವಂತೆ ಆಗಿತ್ತು.

ಸಹಿ ಹಾಕಿದವರು

ವಿರೋಧ ಒಂದೇ ಕಡೆಯಿಂದ ಹುಟ್ಟಲಿಲ್ಲ. 1969ರ ಜನವರಿಯಲ್ಲಿ ಉತ್ತರಕ್ಕಿರುವ ಸ್ಯಾಂಟಾ ಬಾರ್ಬರಾದ ಹತ್ತಿರ ಕಡಲಿನ ತೈಲಬಾವಿ ಒಡೆದು ದಡವೆಲ್ಲ ಕಪ್ಪಾದದ್ದು ಇಡೀ ರಾಜ್ಯದ ಮನಸ್ಸನ್ನು ಕಲಕಿತ್ತು. 1970ರಲ್ಲಿ ಓಶನ್ ಬೀಚಿನಲ್ಲಿ ಸೇನೆಯ ಎಂಜಿನಿಯರುಗಳು ಕಡಲೊಳಗೆ ಕಲ್ಲಿನ ದಿಣ್ಣೆ ಕಟ್ಟಲು ಹೊರಟಾಗ, ಉದ್ದ ಕೂದಲಿನ ಯುವಕರೂ ಅಲೆಯಾಟದವರೂ ಅಡ್ಡ ನಿಂತು ಕೆಲಸ ನಿಲ್ಲಿಸಿದರು. 1971ರಲ್ಲಿ ಪೀಟ್ ವಿಲ್ಸನ್ ಮೇಯರ್ ಆದರು. ಮುಂದೆ ಸೆನೆಟರ್, ರಾಜ್ಯಪಾಲ ಎಲ್ಲ ಆದ ಈ ರಿಪಬ್ಲಿಕನ್ ನಾಯಕ, ಸ್ಯಾನ್ ಡಿಯೇಗೊ ಇನ್ನೊಂದು ಲಾಸ್ ಏಂಜಲಿಸ್ ಆಗಬಾರದು ಎಂಬ ಭಾವನೆಯ ಅಲೆಯ ಮೇಲೆ ಗೆದ್ದವರು. ಬೆಳವಣಿಗೆಗೆ ಲಗಾಮು ಬೇಕು ಎಂಬ ಮಾತಿನಲ್ಲಿ ಆಗ ಎಡಪಂಥೀಯರೂ ಬಲಪಂಥೀಯರೂ ಒಂದೇ ಸಾಲಿನಲ್ಲಿ ನಿಂತಿದ್ದರು.

ಇವರ ಕೈಗೆ ಒಂದು ಹತಾರವೂ ಇತ್ತು. 1911ರಿಂದ ಕ್ಯಾಲಿಫೋರ್ನಿಯಾದಲ್ಲಿ ನಾಗರಿಕರೇ ಕಾನೂನು ಬರೆದು, ಬೇಕಾದಷ್ಟು ಸಹಿ ಕೂಡಿಸಿ, ನೇರವಾಗಿ ಮತಕ್ಕೆ ಇಡಬಹುದು. ನಗರಸಭೆ ಒಪ್ಪದಿದ್ದರೂ ನಡೆಯುತ್ತದೆ. ಸ್ಯಾನ್ ಡಿಯೇಗೊದಲ್ಲಿ ಈ ಕೆಲಸಕ್ಕೆ ಇಳಿದ ಗುಂಪಿನ ಹೆಸರು 'ವೋಟರ್ಸ್ ಆರ್ಗನೈಸ್ಡ್ ಟು ಥಿಂಕ್ ಎನ್ವಿರಾನ್‌ಮೆಂಟ್'. ಮೊದಲಕ್ಷರಗಳನ್ನು ಕೂಡಿಸಿದರೆ 'ವೋಟ್'.

ಅವರು ಬರೆದ ಕಾನೂನಿನ ಜಾಣತನ ಅದರ ಸರಳತೆಯಲ್ಲಿತ್ತು. ಐದನೇ ನಂಬರಿನ ಅಂತರರಾಜ್ಯ ಹೆದ್ದಾರಿ ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗುತ್ತದೆ. ಆ ಹೆದ್ದಾರಿಯಿಂದ ಪಶ್ಚಿಮಕ್ಕೆ, ಕಡಲ ಕಡೆಗೆ, ಮಧ್ಯನಗರದ ಒಂದು ಭಾಗ ಬಿಟ್ಟು ಎಲ್ಲ ಕಡೆಯೂ 30 ಅಡಿ. ಅಷ್ಟೇ. ವಲಯ, ಉಪವಲಯ, ವಿಶೇಷ ಅನುಮತಿ, ಸಮಿತಿಯ ವಿವೇಚನೆ ಯಾವುದೂ ಇಲ್ಲ.

ಅದೇ ಮತದಾನದ ದಿನ ರಾಜ್ಯದ ಎಲ್ಲ ಮತದಾರರ ಮುಂದೆ ಪ್ರಸ್ತಾವ 20 ಎಂಬ ಇನ್ನೊಂದು ಪ್ರಶ್ನೆ ಇತ್ತು: ಇಡೀ ಕರಾವಳಿಯ ಮೇಲೆ ಕಣ್ಣಿಡಲು ಒಂದು ಆಯೋಗ ಬೇಕೇ? ಅದರ ಪರವಾಗಿ ಸ್ಯಾನ್ ಡಿಯೇಗೊದವರೇ ಆದ ರಾಜ್ಯ ಸೆನೆಟ್ ನಾಯಕ ಜೇಮ್ಸ್ ಮಿಲ್ಸ್, ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಡಿಯೇಗೊದವರೆಗೆ ದಡಗುಂಟ ಸೈಕಲ್ ಯಾತ್ರೆ ನಡೆಸಿದರು. ಅದೂ ಗೆದ್ದಿತು. ಅದರಿಂದ ಹುಟ್ಟಿದ ಕರಾವಳಿ ಆಯೋಗ 1976ರ ಕಾಯ್ದೆಯಿಂದ ಕಾಯಂ ಆಗಿ, ಇಂದಿಗೂ ಕ್ಯಾಲಿಫೋರ್ನಿಯಾದ ದಡದಲ್ಲಿ ಒಂದು ಇಟ್ಟಿಗೆ ಇಡುವವರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಸ್ಥೆಯಾಗಿ ಉಳಿದಿದೆ.

ಕಟ್ಟಡ ಗುತ್ತಿಗೆದಾರರ ಸಂಘ ಸುಮ್ಮನಿರಲಿಲ್ಲ. ಭೂಮಾಲೀಕರಿಗೆ ನೋಟಿಸು ಕೊಡದೆ, ಅಹವಾಲು ಕೇಳದೆ, ಬರೀ ಮತ ಎಣಿಸಿ ಅವರ ಹಕ್ಕು ಮೊಟಕು ಮಾಡುವುದು ಸರಿಯೇ ಎಂದು ಅದು ನ್ಯಾಯಾಲಯಕ್ಕೆ ಹೋಯಿತು. 1974ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಜನರ ಪರವಾಗಿ ತೀರ್ಪು ಕೊಟ್ಟಿತು. ಇದು ಒಬ್ಬಿಬ್ಬರ ಸೈಟಿನ ತಕರಾರಲ್ಲ, ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಕಾನೂನು. ಅಂಥದ್ದನ್ನು ನಗರಸಭೆ ಮಾಡಬಹುದಾದರೆ ಮತದಾರರೂ ಮಾಡಬಹುದು ಎಂಬುದು ತೀರ್ಪಿನ ಸಾರ. ಮತದಾರರು ಮಾಡಿದ ಇಂಥ ಕಾನೂನನ್ನು ತಿದ್ದುವುದಕ್ಕೂ ಮತದಾರರೇ ಬೇಕು. ನಗರಸಭೆಯ ಒಂದು ರಾತ್ರಿಯ ಠರಾವಿನಿಂದ ಅದನ್ನು ಅಳಿಸಲಾಗದು.

ಮೇಲಿನಿಂದ ಬಂದ ಗೆರೆ

ಈ ಬಲ ಎಷ್ಟು ದೊಡ್ಡದು ಎಂದು ತಿಳಿಯಲು ನಮ್ಮ ಕರಾವಳಿಯ ಗೆರೆಯನ್ನು ಪಕ್ಕದಲ್ಲಿಟ್ಟು ನೋಡಬಹುದು. ಅದು ಹುಟ್ಟಿದ್ದು ಸಹಿಗಳಿಂದಲ್ಲ, ಒಂದು ಕಾಗದದಿಂದ. 1981ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗರಿಷ್ಠ ರೇಖೆಯಿಂದ 500 ಮೀಟರಿನವರೆಗೆ ದಡವನ್ನು ಖಾಲಿ ಬಿಡಬೇಕೆಂದು ಸೂಚಿಸಿದರು. ಹತ್ತು ವರ್ಷದ ನಂತರ, 1991ರ ಫೆಬ್ರವರಿ 19ರಂದು, ಪರಿಸರ ಸಂರಕ್ಷಣಾ ಕಾಯ್ದೆಯಡಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ಸಿಆರ್‌ಝಡ್ ಎಂದು ಮುಂಬಯಿ, ಚೆನ್ನೈ, ಮಂಗಳೂರಿನವರೆಲ್ಲ ಕರೆಯುವುದು ಇದನ್ನೇ.

ಮುಂಬಯಿಯಂಥ ಆಗಲೇ ಕಟ್ಟಿ ತುಂಬಿದ ನಗರಕ್ಕೆ ಅದು ಎರಡು ಮುಖ್ಯ ಮಾತು ಹೇಳಿತು. ಹೊಸ ಕಟ್ಟಡ ಈಗಿರುವ ರಸ್ತೆ ಅಥವಾ ಅಧಿಕೃತ ಕಟ್ಟಡಗಳ ಒಳಮಗ್ಗುಲಿಗೇ ಬರಬೇಕು, ಕಡಲ ಮಗ್ಗುಲಿಗೆ ಬರಕೂಡದು. ಎಫ್‌ಎಸ್‌ಐ, ಅಂದರೆ ಸೈಟಿನ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಅಳತೆ, 1991ರ ಮಟ್ಟದಲ್ಲೇ ನಿಲ್ಲಬೇಕು. ಆ ಅಧಿಸೂಚನೆಗೆ ಮೇಲಿಂದ ಮೇಲೆ ತಿದ್ದುಪಡಿ ಬಂದವು, 2011ರಲ್ಲಿ ಅದರ ಜಾಗದಲ್ಲಿ ಹೊಸ ಅಧಿಸೂಚನೆ ಬಂತು, 2019ರ ಜನವರಿಯಲ್ಲಿ ಇನ್ನೊಂದು. ಕಡೆಯದರಲ್ಲಿ ನಗರಗಳ ಎಫ್‌ಎಸ್‌ಐ ಮೇಲಿದ್ದ 1991ರ ಬೀಗ ತೆಗೆಯಲಾಯಿತು. ಇದಕ್ಕೆ ಸಂಸತ್ತಿನ ಮತವೂ ಬೇಕಾಗಲಿಲ್ಲ, ಊರಿನವರ ಮತವೂ ಬೇಕಾಗಲಿಲ್ಲ. ರಾಜಪತ್ರದಲ್ಲಿ ಅಚ್ಚಾದರೆ ಸಾಕು.

ಇನ್ನೊಂದು ವ್ಯತ್ಯಾಸವೂ ಇದೆ. 30 ಅಡಿಯ ನಿಯಮ ಮುರಿದಿದೆಯೇ ಎಂದು ಪೆಸಿಫಿಕ್ ಬೀಚಿನ ಯಾವ ನಿವಾಸಿಯಾದರೂ ಬೀದಿಯಲ್ಲಿ ನಿಂತು ಅಂದಾಜು ಮಾಡಬಲ್ಲ. ಮುಂಬಯಿಯ ಕೊಲಾಬಾದಲ್ಲಿ ಆದರ್ಶ ಸೊಸೈಟಿಯ 31 ಅಂತಸ್ತು ಎಲ್ಲರ ಕಣ್ಣೆದುರೇ ಎದ್ದು ನಿಂತಿತು. ಅದಕ್ಕೆ ಸಿಆರ್‌ಝಡ್ ಅನುಮತಿ ಇರಲಿಲ್ಲ ಎಂಬುದು ದೇಶದ ಸುದ್ದಿಯಾದದ್ದು 2010ರಲ್ಲಿ, ಕಟ್ಟಿ ಮುಗಿದ ಮೇಲೆ. 2016ರಲ್ಲಿ ಮುಂಬಯಿ ಹೈಕೋರ್ಟು ಕೆಡವಲು ಹೇಳಿತು, ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ನಕ್ಷೆ, ವರ್ಗ, ಕಡತಗಳ ಭಾಷೆ ಗೊತ್ತಿರುವವರಿಗೆ ಮಾತ್ರ ಓದಲು ಬರುವ ನಿಯಮವನ್ನು ಕಾಯಲೂ ಅಂಥವರೇ ಬೇಕಾಗುತ್ತಾರೆ. ಎಲ್ಲರಿಗೂ ಓದಲು ಬರುವ ನಿಯಮಕ್ಕೆ ಊರೆಲ್ಲ ಕಾವಲು.

ಆದರೆ ನಮ್ಮ ಗೆರೆಯಲ್ಲಿ ಸ್ಯಾನ್ ಡಿಯೇಗೊದಲ್ಲಿ ಇಲ್ಲದ ಒಂದು ಅಂಶವಿತ್ತು. ಎಷ್ಟೇ ಅರೆಬರೆಯಾಗಿರಲಿ, ದಡದಲ್ಲಿ ತಲೆತಲಾಂತರದಿಂದ ಬದುಕಿದವರನ್ನು ಅದು ಹೆಸರಿಟ್ಟು ನೆನೆಯುತ್ತದೆ. 2011ರ ಅಧಿಸೂಚನೆ ಮುಂಬಯಿಯ ಕೋಳಿವಾಡಗಳ ಬಗ್ಗೆ ಬೇರೆಯಾಗಿಯೇ ಮಾತಾಡುತ್ತದೆ. ಕೋಳಿಗಳಿಗೆ ದಡ ಎಂದರೆ ನೋಟವಲ್ಲ. ದೋಣಿ ಎಳೆಯಲು, ಬಲೆ ಹರವಲು, ಮೀನು ಒಣಗಿಸಲು ಬೇಕಾದ ನೆಲ. ಎತ್ತರವನ್ನು ಮಾತ್ರ ಅಳೆಯುವ ಕಾನೂನಿಗೆ ಇಂಥ ನೆಲ ಕಾಣುವುದಿಲ್ಲ. ಸ್ಯಾನ್ ಡಿಯೇಗೊದಲ್ಲಿ ಹಾಗೆ ಕಾಣದೆ ಉಳಿದ ನೆಲ ಎಲ್ಲಿದೆ ಎಂದು ತಿಳಿಯಲು, ಪ್ರಸ್ತಾವ 'ಡಿ' ಬಿಟ್ಟುಕೊಟ್ಟ ಆ 'ಮಧ್ಯನಗರದ ಒಂದು ಭಾಗ'ವನ್ನೇ ನೋಡಬೇಕು.

ಗೆರೆಯ ಹೊರಗೆ

ಹೊರಗಿಟ್ಟ ಪಟ್ಟಿ ಮಧ್ಯನಗರದ ಲಾರೆಲ್ ಬೀದಿಯಿಂದ ಶುರುವಾಗಿ ದಕ್ಷಿಣದ ನ್ಯಾಷನಲ್ ಸಿಟಿಯ ಗಡಿಯವರೆಗೆ ಚಾಚುತ್ತದೆ. ಕಚೇರಿಗಳ ಜೊತೆಗೆ ಬಂದರು, ಹಡಗುಕಟ್ಟೆ, ನೌಕಾನೆಲೆಗಳೂ ಅದರೊಳಗೆ ಬರುತ್ತವೆ. ಬ್ಯಾರಿಯೊ ಲೋಗನ್ ಕೂಡ ಅದರೊಳಗೇ ಇದೆ.

ಅದು ಮೆಕ್ಸಿಕನ್ ಮೂಲದ ಕುಟುಂಬಗಳ ಹಳೆಯ ಬಡಾವಣೆ. ಹಿಂದೆ ಕೊಲ್ಲಿಯ ನೀರಿಗೆ ನಡೆದುಹೋಗಬಹುದಾಗಿತ್ತು. ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಮತ್ತು ಹಡಗು ಉದ್ಯಮ ದಡವನ್ನು ತೆಗೆದುಕೊಂಡವು. 1950ರ ದಶಕದಲ್ಲಿ ವಲಯ ನಿಯಮ ಬದಲಾಗಿ ಮನೆಗಳ ನಡುವೆಯೇ ಗುಜರಿ ಅಂಗಳಗಳು ಬಂದವು. 1960ರ ದಶಕದಲ್ಲಿ ಆ ಐದನೇ ನಂಬರಿನ ಹೆದ್ದಾರಿಯೇ ಬಡಾವಣೆಯನ್ನು ಎರಡಾಗಿ ಕತ್ತರಿಸಿತು. 1969ರಲ್ಲಿ ಕೊರೊನಾಡೊ ಸೇತುವೆಯ ಕಂಬಗಳು ಮನೆಗಳಿದ್ದ ಜಾಗದಲ್ಲಿ ನಿಂತವು. ಸೇತುವೆಯ ಕೆಳಗೆ ಉಳಿದ ನೆಲದಲ್ಲಿ ಉದ್ಯಾನ ಮಾಡುತ್ತೇವೆ ಎಂದು ಜನ ನಂಬಿದ್ದರೆ, ಹೆದ್ದಾರಿ ಪೊಲೀಸರ ಠಾಣೆಗಾಗಿ ಬುಲ್ಡೋಜರ್ ಬಂತು. 1970ರ ಏಪ್ರಿಲ್ 22ರಂದು ಹೆಂಗಸರು, ಮಕ್ಕಳು, ವಿದ್ಯಾರ್ಥಿಗಳು ಆ ನೆಲದ ಮೇಲೆ ಹೋಗಿ ಕೂತರು, ಗಿಡ ನೆಟ್ಟರು. ಹನ್ನೆರಡು ದಿನ ಕದಲಲಿಲ್ಲ. ಇವತ್ತು ಅಲ್ಲಿ ಚಿಕಾನೊ ಪಾರ್ಕ್ ಇದೆ. ಕಾಂಕ್ರೀಟು ಕಂಬಗಳ ಮೇಲೆಲ್ಲ ಅವರ ಚರಿತ್ರೆಯ ಚಿತ್ರಗಳಿವೆ.

ಒಂದೇ ನಗರ, ಎರಡು ವರ್ಷದ ಅಂತರ. ಕಡಲ ದಡದವರು ಕಾಗದದ ಮೇಲೆ ಸಹಿ ಹಾಕಿ ತಮ್ಮ ಆಕಾಶ ಉಳಿಸಿಕೊಂಡರು. ಬ್ಯಾರಿಯೊ ಲೋಗನ್ನಿನವರ ಆಕಾಶವನ್ನು ಸೇತುವೆ ಆಗಲೇ ಮುಚ್ಚಿತ್ತು. ಅವರು ಮೈಯೊಡ್ಡಿ ಉಳಿಸಿಕೊಂಡದ್ದು ಅದರ ನೆರಳಿನ ನೆಲವನ್ನು. ಪ್ರಸ್ತಾವ 'ಡಿ' ಬರೆದವರಿಗೆ ಕೆಟ್ಟ ಉದ್ದೇಶ ಇತ್ತೆನ್ನಲು ಆಧಾರ ಬೇಕಿಲ್ಲದೆಯೇ ಇಷ್ಟು ಹೇಳಬಹುದು: ಹೆದ್ದಾರಿಯ ಪಶ್ಚಿಮಕ್ಕಿದ್ದರೂ ಆ ಬಡಾವಣೆ ಅವರು ಕಾಯಲು ಹೊರಟ ಕರಾವಳಿಯ ಭಾಗವಾಗಿರಲಿಲ್ಲ.

ಗೆರೆಯ ಒಳಗೂ ಎಲ್ಲರಿಗೆ ಬಾಗಿಲು ತೆರೆದಿರಲಿಲ್ಲ. ಲಾ ಹೋಯಾದಲ್ಲಿ ಮನೆ ಮಾರಾಟದ ದಲ್ಲಾಳಿಗಳು ಯೆಹೂದ್ಯರಿಗೆ ಮನೆ ಕೊಡದ ಒಳಒಪ್ಪಂದವೊಂದನ್ನು ಬಹುಕಾಲ ಪಾಲಿಸಿದ್ದರು. 1950ರ ದಶಕದಲ್ಲಿ ಅಲ್ಲಿ ವಿಶ್ವವಿದ್ಯಾಲಯ ತರಲು ಹೊರಟ ಸಾಗರವಿಜ್ಞಾನಿ ರೋಜರ್ ರೆವೆಲ್, ಇಂಥ ಊರಿಗೆ ಪ್ರಾಧ್ಯಾಪಕರು ಬರುವುದು ಹೇಗೆ ಎಂದು ಅವರನ್ನು ನೇರವಾಗಿಯೇ ಎದುರಿಸಬೇಕಾಯಿತು. ವಿಶ್ವವಿದ್ಯಾಲಯ 1960ರಲ್ಲಿ ಬಂತು, ಒಪ್ಪಂದ ಸಡಿಲಾಯಿತು. ಆಮೇಲೆ ಬಾಗಿಲು ಕಾಯುವ ಕೆಲಸವನ್ನು ಬೆಲೆ ವಹಿಸಿಕೊಂಡಿತು. ಓಶನ್ ಬೀಚಿನ, ಪೆಸಿಫಿಕ್ ಬೀಚಿನ ಸಣ್ಣ ಮನೆಗಳು ಸಣ್ಣದಾಗಿಯೇ ಉಳಿದವು, ಆದರೆ ಅವುಗಳಲ್ಲಿ ಹಿಂದೆ ಇದ್ದಂಥ ನಾವಿಕರೂ ವಿದ್ಯಾರ್ಥಿಗಳೂ ಇಂದು ಅವನ್ನು ಕೊಳ್ಳಲಾರರು. ಇದಕ್ಕೆ 30 ಅಡಿಯೊಂದೇ ಕಾರಣವಲ್ಲ. ಕ್ಯಾಲಿಫೋರ್ನಿಯಾದ ಎಲ್ಲೆಡೆ, ಎತ್ತರದ ಮಿತಿ ಇಲ್ಲದ ಕಡೆಯೂ ಮನೆ ತುಟ್ಟಿಯಾಗಿದೆ. ಆದರೂ ಬೇಕೆನ್ನುವವರು ಹೆಚ್ಚಾಗಿ ಮನೆಗಳ ಸಂಖ್ಯೆ ಹೆಚ್ಚದ ಜಾಗದಲ್ಲಿ ಬೆಲೆ ಎತ್ತ ಹೋಗುತ್ತದೆ ಎಂಬುದು ಅಂಗಡಿ ಲೆಕ್ಕ ಬಲ್ಲವರಿಗೂ ಗೊತ್ತು.

ಕಡಲು ಕಾಣದ ಕರಾವಳಿ

ಮೊದಲ ದೊಡ್ಡ ವಿನಾಯಿತಿ ಸಿಕ್ಕಿದ್ದು ಮನೆಗಳಿಗಲ್ಲ, ಮನರಂಜನೆಗೆ. 1998ರಲ್ಲಿ ಸೀವರ್ಲ್ಡ್ ಉದ್ಯಾನಕ್ಕೆ 160 ಅಡಿಯವರೆಗೆ ಕಟ್ಟಲು ಮತದಾರರು ಕೂದಲೆಳೆಯ ಅಂತರದಲ್ಲಿ ಒಪ್ಪಿದರು. ಮನೆಗಳ ಪ್ರಶ್ನೆ ಬಂದದ್ದು ಮಿಡ್‌ವೇ ಎಂಬ ಕಡೆ. 1966ರ ಹಳೆಯ ಕ್ರೀಡಾಂಗಣ, ಅದರ ಸುತ್ತ ಪಾರ್ಕಿಂಗ್ ಬಯಲು, ಗೋದಾಮು, ಅಂಗಡಿ. ಹೆದ್ದಾರಿಯ ಪಶ್ಚಿಮಕ್ಕಿದೆ ಎಂಬ ಒಂದೇ ಕಾರಣಕ್ಕೆ ಅದು 'ಕರಾವಳಿ'. ಅಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ಅಲ್ಲಿ ಸಾವಿರಾರು ಮನೆ ಕಟ್ಟಲು 30 ಅಡಿಯ ಮಿತಿ ತೆಗೆಯಬೇಕೆಂದು 2020ರಲ್ಲಿ ಕೇಳಿದಾಗ ನೂರಕ್ಕೆ 57 ಮಂದಿ ಒಪ್ಪಿದರು. ವಿರೋಧಿಗಳು ನ್ಯಾಯಾಲಯಕ್ಕೆ ಹೋದರು. ಪರಿಸರ ಪರಿಣಾಮದ ಅಧ್ಯಯನ ಸಾಲದೆಂದು ಆ ಮತ ಬಿದ್ದುಹೋಯಿತು. 2022ರಲ್ಲಿ ಮತ್ತೆ ಮತ ಹಾಕಿದರು. ಈ ಸಲ ಗೆಲುವು ಬಹಳ ಸಣ್ಣದು. 2025ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ಒಪ್ಪಲಿಲ್ಲ.

ಇದರ ನಡುವೆ ಪೆಸಿಫಿಕ್ ಬೀಚಿನಲ್ಲಿ 1972ರ ಭಯ ಮತ್ತೆ ಎದ್ದಿತು. ಅಗ್ಗದ ಮನೆಗಳನ್ನು ಸೇರಿಸಿ ಕಟ್ಟುವವರಿಗೆ ಸ್ಥಳೀಯ ಮಿತಿ ಮೀರಲು ಬಿಡುವ ರಾಜ್ಯದ ಕಾನೂನೊಂದಿದೆ. ಅದರ ಬಲದಿಂದ ಟರ್ಕ್ವಾಯಿಸ್ ಬೀದಿಯಲ್ಲಿ 23 ಅಂತಸ್ತಿನ ಯೋಜನೆ ಬಂತು. ಅದರಲ್ಲಿ ಹೆಚ್ಚಿನ ಕೋಣೆಗಳು ಪ್ರವಾಸಿಗರ ವಸತಿಗೆ; ಕಡಿಮೆ ಆದಾಯದವರಿಗೆ 10 ಮನೆ. ಬಡವರ ಮನೆಯ ಹೆಸರಿನಲ್ಲಿ ಹೋಟೆಲ್ ಕಟ್ಟುತ್ತಿದ್ದಾರೆ ಎಂದು ನಿವಾಸಿಗಳು ಸಿಟ್ಟಾದರು. ಆ ಸಿಟ್ಟಿನಲ್ಲಿ ನ್ಯಾಯವಿತ್ತು. 2025ರಲ್ಲಿ ರಾಜ್ಯ ಶಾಸನಸಭೆಯೂ ಆ ಕಿಂಡಿಯನ್ನು ಕಿರಿದು ಮಾಡಿತು. ಆದರೆ ಆ ಹತ್ತು ಮನೆಗಳು 30 ಅಡಿಯ ಒಳಗೆ ಎಲ್ಲಿ ಬರಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಎತ್ತರದ ಜಗಳದಲ್ಲಿ ಎರಡು ಕಡೆಯವರೂ ಕಟ್ಟಡವನ್ನೇ ನೋಡುತ್ತಾರೆ. ಒಬ್ಬರಿಗೆ ಅದು ಗೋಡೆ, ಇನ್ನೊಬ್ಬರಿಗೆ ಪ್ರಗತಿ. ಒಳಗೆ ಯಾರು ಇರುತ್ತಾರೆ ಎಂಬುದಕ್ಕೆ ಅಡಿ, ಮೀಟರುಗಳಲ್ಲಿ ಉತ್ತರವಿಲ್ಲ. ಅದಕ್ಕೆ ಬೇರೆ ಕಾನೂನು ಬೇಕು, ಹಣವೂ ಬೇಕು. 2020ರಲ್ಲಿ ಮಿಡ್‌ವೇ ಮಿತಿ ತೆಗೆಯುವ ಪ್ರಶ್ನೆಯ ಜೊತೆಗೇ ಸ್ಯಾನ್ ಡಿಯೇಗೊದ ಮತಪತ್ರದಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಬಡವರಿಗೆ ಕೈಗೆಟಕುವ ಮನೆ ಕಟ್ಟಲು 90 ಕೋಟಿ ಡಾಲರ್ ಸಾಲ ಎತ್ತಿ, ಆಸ್ತಿ ತೆರಿಗೆಯಿಂದ ತೀರಿಸೋಣವೇ? ಅದಕ್ಕೂ ನೂರಕ್ಕೆ 57ರಷ್ಟೇ ಮತ ಬಿತ್ತು. ಎತ್ತರ ಹೆಚ್ಚಿಸಲು ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೆ ಸಾಕಿತ್ತು. ಇಂಥ ಸಾಲಕ್ಕೆ ಮೂರರಲ್ಲಿ ಎರಡು ಪಾಲು ಬೇಕು. ಹೆಚ್ಚುಕಡಿಮೆ ಅಷ್ಟೇ ಜನ, ಅದೇ ದಿನ, ಎರಡಕ್ಕೂ ಹೌದು ಎಂದರು. ಎತ್ತರದ ಪ್ರಸ್ತಾವ ಗೆದ್ದಿತು, ಮನೆಗಳ ಪ್ರಸ್ತಾವ ಸೋತಿತು.